ಮಧುಮೇಹ ಪರೀಕ್ಷೆ ಯಾವ ವಯಸ್ಸಿಗೆ? ನಾನು ಗೆರೆ ಬದಲಿಸಿದ ಬಗೆ

ವೈದ್ಯವೃತ್ತಿಯ ಮೊದಲ ಎಷ್ಟೋ ವರ್ಷ, ಯಾವ ತೊಂದರೆಯೂ ಇಲ್ಲದವರಿಗೆ ನಾನು ಸಕ್ಕರೆ ಪರೀಕ್ಷೆ ಬರೆಯುತ್ತಿದ್ದದ್ದು 45 ದಾಟಿದ ಮೇಲೆಯೇ. ಆ ರೂಢಿಯನ್ನು ಕಲಕಿದ್ದು 38 ವರ್ಷದ ಒಬ್ಬರ ಪಾದ. ಬೂಟಿನೊಳಗೆ ಎದ್ದ ಮೊಳೆ ಅಂಗಾಲನ್ನು ಕೊರೆದಿತ್ತು. ಅವರಿಗೆ ಅದು ತಿಳಿದದ್ದು ಕಾಲುಚೀಲಕ್ಕೆ ಅಂಟಿದ ರಕ್ತ ಕಂಡಾಗ. ಸ್ಪರ್ಶ ನೋಡುವ ನೈಲಾನ್ ಎಳೆಯನ್ನು ಹೆಬ್ಬೆರಳಿನ ಕೆಳಗೆ ಒತ್ತಿದೆ. ಎಳೆ ಬಾಗಿತು. ಕಣ್ಣು ಮುಚ್ಚಿಕೊಂಡಿದ್ದ ಅವರು, "ಯಾವಾಗ ಮುಟ್ಟುತ್ತೀರಿ ಡಾಕ್ಟರೇ?" ಎಂದು ಕೇಳಿದರು. ಯಾರಿಗೂ ತಿಳಿಯದೆ ಇದ್ದ ಮಧುಮೇಹ ಪಾದದ ನರಗಳನ್ನು ಕೆಡಿಸಿ ಸ್ಪರ್ಶವನ್ನೇ ಕಸಿದಿತ್ತು.

ನಾಲ್ಕು ವರ್ಷ ಮೊದಲು ಅವರು ಕೆಮ್ಮಿಗೆಂದು ನನ್ನ ಬಳಿಗೇ ಬಂದಿದ್ದರು. ತೂಕ ಹೆಚ್ಚು, ತಂದೆಗೆ ಮಧುಮೇಹ ಎಂದು ಹಳೆಯ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿತ್ತು. ಇವೆರಡೂ ಕೂಡಿದ್ದರೆ ವಯಸ್ಸನ್ನು ಲೆಕ್ಕಿಸದೆ ಪರೀಕ್ಷಿಸಬೇಕೆಂದು ಮಾರ್ಗಸೂಚಿ ಆಗಲೂ ಹೇಳುತ್ತಿತ್ತು. ನಾನು 45 ಎಂಬ ಅಂಕಿಯನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

2021ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ, ತೂಕ ಹೆಚ್ಚಿರುವವರ ತಪಾಸಣೆಯನ್ನು 40ರಿಂದ 35ಕ್ಕೆ ಇಳಿಸಿತು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2022ರ ಮಾರ್ಗಸೂಚಿಯಲ್ಲಿ ಎಲ್ಲ ವಯಸ್ಕರಿಗೂ 35 ಎಂದಿತು. ನಾನೂ 35ಕ್ಕೆ ಬಂದೆ. ಆದರೆ ಅದು ಕೊನೆಯ ಗಡುವು ಮಾತ್ರ. ತೂಕ ಹೆಚ್ಚಿದ್ದು ಹೆತ್ತವರಿಗೋ ಒಡಹುಟ್ಟಿದವರಿಗೋ ಮಧುಮೇಹವಿದ್ದರೆ, ರಕ್ತದೊತ್ತಡವಿದ್ದರೆ, ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ಇಪ್ಪತ್ತೈದಾದರೂ ಬರೆಯುತ್ತೇನೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರಿಗಂತೂ ತೂಕವನ್ನೂ ನೋಡುವುದಿಲ್ಲ.

ಹಾಗಾದರೆ ಇಪ್ಪತ್ತು ದಾಟಿದ ಎಲ್ಲರಿಗೂ ಏಕಿಲ್ಲ? 2012ರಲ್ಲಿ ಪ್ರಕಟವಾದ ಕೇಂಬ್ರಿಜ್ ಅಧ್ಯಯನ ನನ್ನನ್ನು ತಡೆಯಿತು. ಅಪಾಯ ಹೆಚ್ಚಿದ್ದ 40ರಿಂದ 69ರ ವಯಸ್ಸಿನವರನ್ನು ಕರೆದು ಪರೀಕ್ಷಿಸಿದರೂ, ಸುಮಾರು ಹತ್ತು ವರ್ಷಗಳಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ. ರಕ್ತ ತೆಗೆದ ಮಾತ್ರಕ್ಕೆ ಯಾರೂ ಉಳಿಯುವುದಿಲ್ಲ. ಮಧುಮೇಹದ ಅಂಚಿನಲ್ಲಿದ್ದವರು ಆಹಾರ, ನಡಿಗೆ ಬದಲಿಸಿಕೊಂಡಾಗ ರೋಗಕ್ಕೆ ಜಾರುವುದು 58% ತಗ್ಗಿತೆಂದು 2002ರ ಅಮೆರಿಕದ ಅಧ್ಯಯನ ತೋರಿಸಿತ್ತು. ಆದ್ದರಿಂದ ಚೀಟಿಯ ಮೇಲೆ ಮುಂದಿನ ದಿನಾಂಕ ಬರೆಯದೆ ಯಾರನ್ನೂ ಕಳುಹಿಸುವುದಿಲ್ಲ: ಎಲ್ಲ ಸರಿಯಿದ್ದರೆ ಮೂರು ವರ್ಷಕ್ಕೆ, ಅಂಚಿನಲ್ಲಿದ್ದರೆ ವರ್ಷಕ್ಕೆ.

ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಗೆ ಉಪವಾಸ ಬೇಡ, ನಿಜ. ಆದರೆ ಕಬ್ಬಿಣದ ಕೊರತೆಯಿದ್ದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಂಥವರಿಗೆ ಬರಿಹೊಟ್ಟೆಯ ರಕ್ತವನ್ನೇ ನೋಡುತ್ತೇನೆ.

ಆ ಮೊಳೆ ಚುಚ್ಚಿದವರ ತಮ್ಮನಿಗೆ ಆಗ 29. ಅದೇ ವಾರ ಕರೆಸಿದೆ. ಬರಿಹೊಟ್ಟೆಯಲ್ಲಿ ಸಕ್ಕರೆ 114 ಇತ್ತು, ಅಂದರೆ ಮಧುಮೇಹದ ಅಂಚಿನಲ್ಲಿ. ಅವರು ಪ್ರತಿ ವರ್ಷ ತಪ್ಪದೆ ಬರುತ್ತಾರೆ. ಕಳೆದ ಸಲ 97, ಸಹಜ ಮಟ್ಟ.