ಆಷಾಢದ ಛತ್ರದಲ್ಲಿ ‘ಟೆಕ್ಸಾಸ್ ಫ್ಲಡ್’ ದಾರಿಯ ರೆಕಾರ್ಡಿಂಗ್: ನನ್ನ ಅನುಭವ

ಕಿವಿಯಲ್ಲಿ ತಾಳ ಹೇಳುವ ಟಿಕ್‌ಟಿಕ್ ಸದ್ದು, ಅಂದರೆ ಕ್ಲಿಕ್, ಇಲ್ಲ. ಒಬ್ಬೊಬ್ಬರನ್ನು ಬೇರೆ ಕೂರಿಸುವ ಗಾಜಿನ ಬೂತ್ ಇಲ್ಲ. ಗಿಟಾರ್‌ಗೆ ನಾನು, ಜೊತೆಗೆ ಬೇಸ್, ಡ್ರಮ್ಸ್, ಮೂವರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಬ್ಲೂಸ್ ರಾಕ್ ಆಲ್ಬಮ್ ಮುಗಿಸಿದೆವು. ಆಗಲ್ಲ ಅಂದವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ ಯಾವ ಸ್ಟುಡಿಯೋ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೈಕ್, ಆಂಪ್ ಬಗ್ಗೆ ನಿಮಗೆ ಗೊತ್ತಿರುವುದನ್ನು ಮತ್ತೆ ಹೇಳುವುದಿಲ್ಲ.

ನನಗೆ ಧೈರ್ಯ ಕೊಟ್ಟಿದ್ದು ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಮತ್ತು ಅವರ ಬ್ಯಾಂಡ್ ಡಬಲ್ ಟ್ರಬಲ್‌ನ ಮೊದಲ ಆಲ್ಬಮ್ ‘ಟೆಕ್ಸಾಸ್ ಫ್ಲಡ್’. 1982ರ ಜುಲೈಯಲ್ಲಿ ಸ್ವಿಟ್ಜರ್ಲೆಂಡ್‌ನ ಮಾಂತ್ರೋ ಸಂಗೀತ ಉತ್ಸವದಲ್ಲಿ ಇವರು ನುಡಿಸಿದಾಗ ಸಭೆಯಲ್ಲಿ ಕೆಲವರು ಕೂಗಿ ಹೀಯಾಳಿಸಿದ್ದರು. ಅದೇ ಊರಲ್ಲಿ ಇವರನ್ನು ಕೇಳಿ ಮೆಚ್ಚಿದ ಗಾಯಕ ಜಾಕ್ಸನ್ ಬ್ರೌನ್, ಲಾಸ್ ಏಂಜಲೀಸ್‌ನ ತಮ್ಮ ಸ್ಟುಡಿಯೋವನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ನವೆಂಬರ್‌ನಲ್ಲಿ ಮೂರು ದಿನ ಸಿಕ್ಕಿತು. ಸ್ಟುಡಿಯೋ ಅಂದರೆ ಗೋದಾಮಿನಂಥ ಜಾಗ. ಕಾಂಕ್ರೀಟ್ ನೆಲ, ಮೇಲೆ ಒಂದಿಷ್ಟು ಹಾಸು. ಮೂಲೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ಕಾರ್ಯಕ್ರಮ ಕೊಟ್ಟ ಹಾಗೆ ನುಡಿಸಿದರು. ಡೆಮೊ ಅಂತ ಮಾಡಿದ ಆ ಟೇಪು ಹಿರಿಯ ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಕೈ ಸೇರಿತು. 1983ರ ಜೂನ್‌ನಲ್ಲಿ ಎಪಿಕ್ ಕಂಪನಿ ಅದನ್ನೇ ಆಲ್ಬಮ್ ಮಾಡಿ ಹೊರತಂದಿತು.

‘ಅವರ ಕಾಲ ಬೇರೆ ಕಣೋ’ ಅಂದ ನಮ್ಮ ಬೇಸ್ ಗೆಳೆಯ. ಹೌದು, ಬೇರೆ. ಆಗ ರೇಡಿಯೋ ತುಂಬಾ ಸಿಂತಸೈಜರ್, ಬ್ಲೂಸ್ ಮಾರಾಟ ಆಗುತ್ತೆ ಅಂತ ಯಾರೂ ನಂಬಿರಲಿಲ್ಲ. ಆದರೂ ಆ ಆಲ್ಬಮ್ ಅಮೆರಿಕದ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 38ನೇ ಜಾಗಕ್ಕೆ ಬಂತು. ಐದು ಲಕ್ಷ ಪ್ರತಿ ದಾಟಿತು, ಮುಂದೆ ಅಮೆರಿಕದಲ್ಲಿ ಡಬಲ್ ಪ್ಲಾಟಿನಮ್, ಅಂದರೆ ಇಪ್ಪತ್ತು ಲಕ್ಷದ ಮಟ್ಟ, ಆಯಿತು. ಎರಡು ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತು. ‘ಗಿಟಾರ್ ಪ್ಲೇಯರ್’ ಪತ್ರಿಕೆಯ ಓದುಗರು ಹೊಸ ಪ್ರತಿಭೆ, ಬ್ಲೂಸ್ ಆಲ್ಬಮ್, ಎಲೆಕ್ಟ್ರಿಕ್ ಬ್ಲೂಸ್ ಗಿಟಾರಿಸ್ಟ್ ಮೂರಕ್ಕೂ ಆ ವರ್ಷ ಇವರನ್ನೇ ಆರಿಸಿದರು. ಈ ಲೆಕ್ಕ ಕೇಳಿದ ಮೇಲೆ ಗೆಳೆಯ ತನ್ನ ಪಾಲಿನ ದುಡ್ಡು ತೆಗೆದ.

ಅದಕ್ಕೂ ಮೊದಲು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಸುಮಾರು 1 ಲಕ್ಷ ಸುರಿದಿದ್ದೆವು. ಡ್ರಮ್ಸ್ ಮೊದಲು, ಬೇಸ್ ಆಮೇಲೆ, ಗಿಟಾರ್ ಕೊನೆಗೆ, ಎಲ್ಲಾ ಕ್ಲಿಕ್ ಮೇಲೆ. ಅಚ್ಚುಕಟ್ಟಾಗಿ ಬಂತು, ಜೀವ ಇರಲಿಲ್ಲ. ಗಿಟಾರ್ ಸ್ವಲ್ಪ ಹಿಂದೆ ಜಗ್ಗಿದರೆ ಡ್ರಮ್ಮರ್ ಕಾಯಬೇಕು ಅಲ್ವಾ? ಎರಡು ವಾರದ ಹಿಂದೆ ನುಡಿಸಿ ಮನೆಗೆ ಹೋದವನು ಹೇಗೆ ಕಾಯುತ್ತಾನೆ? ಅಷ್ಟನ್ನೂ ಬಿಟ್ಟುಬಿಟ್ಟೆವು. ಆಮೇಲೆ ಬ್ಯಾಂಡ್‌ಗಳು ಅಭ್ಯಾಸಕ್ಕೆ ಬಾಡಿಗೆ ಹಿಡಿಯುವ ಒಂದು ಜಾಮ್ ರೂಮಿನಲ್ಲಿ ಗಂಟೆಗೆ 400 ಕೊಟ್ಟು ಒಟ್ಟಿಗೇ ನುಡಿಸಿದೆವು. ಕೋಣೆ ತೀರಾ ಚಿಕ್ಕದು, ಒಂದು ಕಡೆ ಪೂರ್ತಿ ಗಾಜು. ಎಲ್ಲ ಮೈಕ್‌ನಲ್ಲೂ ಬರೀ ಡ್ರಮ್ಸ್‌ನ ದೊಡ್ಡ ತಾಳದ ತಟ್ಟೆ, ರೈಡ್ ಸಿಂಬಲ್.

ಬೇಕಾಗಿದ್ದು ದೊಡ್ಡ ಕೋಣೆ. ಆಷಾಢದಲ್ಲಿ ಮದುವೆ ಇಲ್ಲ, ಛತ್ರಗಳು ಖಾಲಿ. ಮೈಸೂರಿನ ಹೊರಗೆ ಒಂದು ಸಣ್ಣ ಛತ್ರದ ಊಟದ ಹಾಲ್ ದಿನಕ್ಕೆ 8 ಸಾವಿರದ ಆಸುಪಾಸಿಗೆ ಸಿಕ್ಕಿತು. ಸೀಸನ್‌ನಲ್ಲಾದರೆ ಅದರ ನಾಲ್ಕೈದು ಪಟ್ಟು ಕೇಳುತ್ತಾರೆ. ಜಮಖಾನ ಅಲ್ಲೇ ರಾಶಿ ಬಿದ್ದಿತ್ತು. ಒಂದಷ್ಟು ನೆಲಕ್ಕೆ ಹಾಸಿದೆವು, ಒಂದಷ್ಟು ಡ್ರಮ್ಸ್ ಹಿಂದೆ ಇಳಿಬಿಟ್ಟೆವು.

ಮೊದಲ ದಿನ ಪೂರ್ತಿ ಆಂಪ್‌ನ ಗುಂಯ್ ಸದ್ದಿಗೆ ಹೋಯಿತು. ನನ್ನದು ಸಿಂಗಲ್ ಕಾಯಿಲ್ ಸ್ಟ್ರ್ಯಾಟ್, ಸುತ್ತಲಿನ ಕರೆಂಟಿನ ಸದ್ದನ್ನು ಬೇಗ ಹಿಡಿಯುವ ಗಿಟಾರ್. ಟ್ಯೂಬ್‌ಲೈಟ್ ಎಲ್ಲಾ ಆರಿಸಿದೆ, ಅರ್ಧ ತಗ್ಗಿತು. ಉಳಿದರ್ಧಕ್ಕೆ ಕಾರಣ ಅರ್ಥಿಂಗ್. ಚಾವಣಿಯ ಶೀಟಿನ ಕೆಳಗಿದ್ದ ಅರ್ಥ್ ಗುಂಡಿ ಒಣಗಿ ಬಿರಿದಿತ್ತು. ಎಲೆಕ್ಟ್ರಿಷಿಯನ್ ಬಂದು ತಂತಿ ಬಿಗಿ ಮಾಡಿ, ಉಪ್ಪು ಹಾಕಿ, ಬಿಂದಿಗೆಗಟ್ಟಲೆ ನೀರು ಸುರಿದ. ಸದ್ದು ನಿಂತಿತು. 300 ರೂಪಾಯಿ. ಈ ಆಲ್ಬಮ್‌ಗೆ ನಾನು ಮಾಡಿದ ಅತಿ ಒಳ್ಳೆಯ ಖರ್ಚು ಅದು.

ತಂತಿಯ ವಿಷಯ. ವಾನ್ 13ರ ದಪ್ಪ ತಂತಿ ಹಾಕುತ್ತಿದ್ದರು, ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು ಅಂತ ಎಲ್ಲರಿಗೂ ಗೊತ್ತು. ನಾನೂ ಹಾಕಿ ನೋಡಿದೆ. ತಂತಿ ಕೂರುವ ನಟ್ ಉಜ್ಜಿಸಿ, ನೆಕ್ ಸರಿ ಮಾಡಿಸಿ ಎರಡೂವರೆ ಸಾವಿರ ಹೋಯಿತು. ಬೆರಳ ತುದಿ ಸುಲಿದುಹೋಯಿತು. ಈಗ ಅದಕ್ಕಿಂತ ತೆಳುವಾದ 11ರ ಸೆಟ್, ಅದೇ ಅರ್ಧ ಸ್ವರ ಕೆಳಗೆ. ಸದ್ದಿನಲ್ಲಿ ವ್ಯತ್ಯಾಸ ಹೇಳಿ ಅಂದರೆ ನನ್ನ ಬ್ಯಾಂಡಿನವರೇ ಹೇಳಲಿಲ್ಲ. ಆ ಆಲ್ಬಮ್‌ನ ಗುಟ್ಟು ತಂತಿಯಲ್ಲಿ, ಪೆಡಲ್‌ನಲ್ಲಿ ಇದೆ ಅಂತ ದುಡ್ಡು ಹಾಕುವವರು ಮೊದಲು ಡ್ರಮ್ಮರ್ ಜೊತೆ ಕೂರಬೇಕು.

ನಮ್ಮ ಡ್ರಮ್ಮರ್‌ಗೆ ಶಫಲ್, ಅಂದರೆ ಬ್ಲೂಸ್‌ನ ಕುಂಟುವಂಥ ತಾಳದ ನಡೆ, ಕೈಗೆ ಹತ್ತುತ್ತಿರಲಿಲ್ಲ. ಪರಿಚಯದ ಮೃದಂಗದವರೊಬ್ಬರು ಆ ಆಲ್ಬಮ್‌ನ ‘ಪ್ರೈಡ್ ಅಂಡ್ ಜಾಯ್’ ಹಾಡು ಕೇಳಿ, ‘ಇದು ತಿಶ್ರ ನಡೆ ಕಣಪ್ಪ, ತಕಿಟದಲ್ಲಿ ಕಿ ನುಂಗಿಬಿಡು’ ಅಂದರು. ತ... ಟ, ತ... ಟ. ಒಂದು ವಾರ ಬಾಯಲ್ಲೇ ಹೇಳಿಸಿದೆ. ಆಮೇಲೆ ಕೋಲು ಹಿಡಿದರೆ ಬೇರೆಯವನೇ ಆಗಿದ್ದ.

ಸೆಟಪ್ ಸರಳ. ಡ್ರಮ್ಸ್‌ಗೆ ನಾಲ್ಕು ಮೈಕ್, ಬೇಸ್ ಮೈಕ್ ಇಲ್ಲದೆ ನೇರ ಲೈನ್, ನನ್ನ ಚಿಕ್ಕ ವಾಲ್ವ್ ಆಂಪ್‌ಗೆ ಒಂದು 57 ಮೈಕ್. ಡ್ರಮ್ಸ್ ಸದ್ದು ಗಿಟಾರ್ ಮೈಕ್‌ಗೆ ಹರಿಯುತ್ತದೆ, ಹರಿಯಲಿ. ಆಂಪ್ ಯಾವ ಕಡೆ ತಿರುಗಿರಬೇಕು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಕೋಣೆಯ ಒಟ್ಟು ಸದ್ದಿಗೆ ಅಂತ ಇನ್ನೊಂದು ಮೈಕ್ ಇತ್ತು. ಅದನ್ನು ಎಲ್ಲಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹಾಡನ್ನು ಮಾತ್ರ ಆಮೇಲೆ ಮನೆಯಲ್ಲಿ ಹಾಡಿ ಸೇರಿಸಿದೆ.

ಮಳೆ ಬಂದು ಶೀಟಿನ ಸದ್ದಿಗೆ ಕೈಕಟ್ಟಿ ಕೂತಾಗ ಅಡುಗೆಮನೆಯ ದೊಡ್ಡ ಕೊಪ್ಪರಿಗೆಯೊಳಗೆ ಮೈಕ್ ಇಳಿಸಿ ಗಿಟಾರ್ ನುಡಿಸಿದೆ. ರಿವರ್ಬ್, ಅಂದರೆ ಮಾರ್ದನಿ, ಸಿಗುತ್ತೆ ಅಂತ ಆಸೆ. ಒಂದೇ ಸ್ವರಕ್ಕೆ ಕೊಪ್ಪರಿಗೆ ಮೊಳಗುತ್ತದೆ, ಉಳಿದದ್ದಕ್ಕೆ ಸುಮ್ನೆ ಇರುತ್ತದೆ. ಆ ಸ್ವರವೇ ಜಾಸ್ತಿ ಬರುವ ಒಂದು ನಿಧಾನದ ಹಾಡಿಗೆ ಬಳಸಿದೆ. ಜನ ಹೆಚ್ಚು ಕೇಳುವುದು ಈಗ ಅದನ್ನೇ.

ಬಾಡಿಗೆ, ವ್ಯಾನ್, ಊಟ, ಮಿಕ್ಸಿಂಗ್ ಎಲ್ಲಾ ಸೇರಿ 60–65 ಸಾವಿರ ಆಗಿರಬಹುದು. ಸ್ಟ್ರೀಮಿಂಗ್‌ನಿಂದ ಬಂದಿದ್ದು ಕಾಫಿ ಖರ್ಚಿಗೆ ಸರಿ. ದುಡ್ಡು ತಿರುಗಿ ಬಂದಿದ್ದು ಕಾರ್ಯಕ್ರಮಗಳಿಂದ. ರಾತ್ರಿಗೆ 15 ಸಾವಿರಕ್ಕೆ ಗೋಗರೆಯುತ್ತಿದ್ದ ನಮಗೆ ಈಗ 40 ಸಾವಿರದ ಹತ್ತಿರ ಕರೆಯುವವರೇ ಹೇಳುತ್ತಾರೆ.

ನೀವೂ ಛತ್ರ ಹಿಡಿಯುವುದಾದರೆ, ಅಡ್ವಾನ್ಸ್ ಕೊಡುವ ಮುಂಚೆ ಒಂದು ಆಂಪ್ ತಗೊಂಡು ಹೋಗಿ ಪ್ಲಗ್ ಹಾಕಿ ನೋಡಿ. ಮೈಸೂರು ಕಡೆಯಾದರೆ ಆಷಾಢದ ಶುಕ್ರವಾರ ಮಾತ್ರ ಬೇಡ. ಹತ್ತಿರದ ದೇವಸ್ಥಾನದ ಮೈಕ್ ಬೆಳಗಿನ ಜಾವವೇ ಶುರು.