ಲ್ಯಾಬಿನ 20 ಕಂಪ್ಯೂಟರಿಗೆ ಒಂದೇ ಪೆನ್‌ಡ್ರೈವ್: ಮೊದಲು ಮೆನು, ಆಮೇಲೆ ಇಮೇಜ್

ಐಟಿ ಪರೀಕ್ಷೆ ಹತ್ತಿರ ಬಂತೆಂದರೆ ಕುಂಬಳೆ, ಬದಿಯಡ್ಕ ಕಡೆಯ ಶಾಲೆಗಳಿಂದ ನನಗೆ ಫೋನ್ ಶುರು. "20 ಕಂಪ್ಯೂಟರ್ ಉಂಟು, ಎಲ್ಲದಕ್ಕೂ ಹೊಸದಾಗಿ ಹಾಕಬೇಕು, ನಾಳೆ ಬರ್ತೀರಾ?" ಒಂದೊಂದರ ಮುಂದೆಯೂ ಕೂತು ಇನ್‌ಸ್ಟಾಲ್ ಮಾಡಿದರೆ ಎರಡು ದಿನ ಬೇಕು. ಅದರ ಬದಲು ಒಂದು ಕಂಪ್ಯೂಟರನ್ನು ಸರಿಯಾಗಿ ತಯಾರು ಮಾಡಿ, ಅದರ ಇಮೇಜ್ (ಡಿಸ್ಕಿನ ನಕಲು) ತೆಗೆದು, ಚಾಲೂ ಆದಾಗ ಆಯ್ಕೆಗಳ ಮೆನು ತೋರಿಸುವ ಪೆನ್‌ಡ್ರೈವಿಗೆ ಹಾಕಿಟ್ಟರೆ ಟೀಚರೇ ಮಾಡಿಕೊಳ್ಳಬಹುದು. ಇದಕ್ಕೆ ನಾನು ಬಳಸುವುದು ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ, ಡಿಸ್ಕಿನಲ್ಲಿ ತುಂಬಿರುವ ಭಾಗವನ್ನು ಮಾತ್ರ ನಕಲು ಮಾಡುವುದರಿಂದ ಇಮೇಜ್ ಚಿಕ್ಕದಾಗಿ ಬರುತ್ತದೆ.

ಮೆನುವನ್ನು ಮೊದಲು ಕಾಗದದ ಮೇಲೆ ಬರೆಯಿರಿ. ನಮ್ಮ ಕಾಸರಗೋಡಿನಲ್ಲಿ ಎಷ್ಟೋ ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳಂ ಎರಡೂ ಮೀಡಿಯಂ ಇವೆ, ಲ್ಯಾಬ್ ಮಾತ್ರ ಒಂದೇ. ಅಂಥ ಕಡೆ ಮೆನುವಿನಲ್ಲಿ "22.04 ಹೊಸ ವರ್ಶನ್" ಎಂದೆಲ್ಲ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಕನ್ನಡ ಕ್ಲಾಸ್, ಮಲಯಾಳಂ ಕ್ಲಾಸ್, ಆಫೀಸ್ ಎಂದು ಬರೆಯಿರಿ. ಆ ಕಂಪ್ಯೂಟರಿನ ಮುಂದೆ ಯಾರು ಕೂರುತ್ತಾರೋ ಅವರ ಹೆಸರಿನಲ್ಲೇ ಸಾಲು ಇರಲಿ. ನಾಲ್ಕೈದು ಸಾಲು ಸಾಕು, ಜಾಸ್ತಿಯಾದರೆ ಟೀಚರ್ ಮತ್ತೆ ನಿಮಗೇ ಫೋನ್ ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಸಾಲು. ಅದು "ಹಾರ್ಡ್ ಡಿಸ್ಕಿನಿಂದ ಚಾಲೂ ಮಾಡು" ಎಂದೇ ಇರಬೇಕು, ಯಾರೂ ಏನೂ ಒತ್ತದಿದ್ದರೆ ಅದೇ ನಡೆಯಬೇಕು. ನಾನು ಮೊದಲ ಸಲ ಮಾಡಿದಾಗ ಇಮೇಜ್ ಹಾಕುವ ಸಾಲನ್ನೇ ಮೇಲೆ ಇಟ್ಟು 10 ಸೆಕೆಂಡ್ ಟೈಮ್‌ಔಟ್ ಕೊಟ್ಟಿದ್ದೆ, ಬೇಗ ಆಗಲಿ ಎಂದು ಕ್ಲೋನ್‌ಜಿಲ್ಲಾ ಕೇಳುವ ಪ್ರಶ್ನೆಗಳನ್ನೂ ತೆಗೆದಿದ್ದೆ. ಯಾರೋ ಪೆನ್‌ಡ್ರೈವನ್ನು ಚುಚ್ಚಿದ ಹಾಗೇ ಬಿಟ್ಟು ಹೋಗಿದ್ದರು. ಮಾರನೇ ದಿನ ಬೆಳಿಗ್ಗೆ ಒಬ್ಬ ಹುಡುಗ ಸ್ವಿಚ್ ಹಾಕಿದ, ಮಕ್ಕಳು ಎರಡು ತಿಂಗಳು ಮಾಡಿಟ್ಟ ಕೆಲಸ ಅಷ್ಟೂ ಅಳಿಸಿಹೋಯಿತು. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ. ಡಿಸ್ಕ್ ಅಳಿಸುವ ಮುಂಚೆ ಕ್ಲೋನ್‌ಜಿಲ್ಲಾ ಎರಡು ಸಲ "ಹೌದಾ?" ಎಂದು ಕೇಳುತ್ತದೆ, ದಯವಿಟ್ಟು ಅದನ್ನು ತೆಗೆಯಬೇಡಿ.

ಮೆನುವಿನಲ್ಲಿ ಕನ್ನಡ ಲಿಪಿ ಬೇಕು ಎಂದು ನನಗೂ ಆಸೆ ಇತ್ತು. ಆದರೆ ಮೆನು ತೋರಿಸುವ ಗ್ರಬ್ ಎಂಬ ಪ್ರೋಗ್ರಾಮಿನ ಪರದೆಯಲ್ಲಿ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ, ಓದಲು ಆಗುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲೇ ಇಡಿ, ಪ್ರತಿ ಸಾಲಿಗೆ 1, 2, 3 ನಂಬರ್ ಕೊಡಿ, ಯಾವ ನಂಬರ್ ಯಾವುದಕ್ಕೆ ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಪ್ರಿಂಟ್ ತೆಗೆದು ಲ್ಯಾಬಿನ ಗೋಡೆಗೆ ಅಂಟಿಸಿ. ಇನ್ನೊಂದು ವಿಷಯ: ಪೆನ್‌ಡ್ರೈವಿನಲ್ಲಿ ಮೆನು ಫೈಲ್ ಎರಡು ಇರುತ್ತವೆ. ಯುಇಎಫ್‌ಐ (ಕಂಪ್ಯೂಟರನ್ನು ಚಾಲೂ ಮಾಡುವ ಹೊಸ ವ್ಯವಸ್ಥೆ) ಇರುವ ಹೊಸ ಕಂಪ್ಯೂಟರ್ ಗ್ರಬ್‌ನದ್ದನ್ನು ಓದುತ್ತದೆ, ಹಳೆಯದು ಸಿಸ್‌ಲಿನಕ್ಸ್ ಎಂಬ ಇನ್ನೊಂದು ಮೆನು ಪ್ರೋಗ್ರಾಮಿನದ್ದನ್ನು. ಎರಡನ್ನೂ ತಿದ್ದಬೇಕು, ಇಲ್ಲದಿದ್ದರೆ ಅರ್ಧ ಲ್ಯಾಬಿಗೆ ನಿಮ್ಮ ಮೆನು ಕಾಣಿಸುವುದೇ ಇಲ್ಲ.

ಈಗ ಇಮೇಜ್ ವಿಷಯ. ಲ್ಯಾಬಿನಲ್ಲಿ ಅತಿ ಚಿಕ್ಕ ಡಿಸ್ಕ್ ಯಾವುದರಲ್ಲಿದೆಯೋ ಅದೇ ಕಂಪ್ಯೂಟರನ್ನು ಮಾದರಿಗೆ ಆರಿಸಿ, ಯಾಕೆಂದರೆ 500 ಜಿಬಿ ಡಿಸ್ಕಿನಿಂದ ತೆಗೆದದ್ದು 120 ಜಿಬಿಗೆ ಸುಮ್ನೆ ಹಾಗೇ ಕೂರುವುದಿಲ್ಲ. ಕೇರಳದ ಶಾಲೆಗಳಲ್ಲಿರುವುದು ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್. ಕನ್ನಡ ಕ್ಲಾಸಿನ ಇಮೇಜಿಗೆ ಇನ್‌ಸ್ಕ್ರಿಪ್ಟ್ ಜೊತೆ ಕಗಪ ಕೀಬೋರ್ಡನ್ನೂ, ಗುಬ್ಬಿ, ನವಿಲು ಫಾಂಟುಗಳನ್ನೂ ಸೇರಿಸಿ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ರೂಢಿಯಾದ ಟೀಚರಿಗೆ ಕಗಪ ಇಲ್ಲದಿದ್ದರೆ ಕೈ ಕಟ್ಟಿದ ಹಾಗಾಗುತ್ತದೆ. ಪಾಸ್‌ವರ್ಡ್, ಬ್ರೌಸರ್ ಹಿಸ್ಟರಿ, ವೈಫೈ ಎಲ್ಲ ಅಳಿಸಿ. ಮಷೀನ್ ಐಡಿ (ಆ ಕಂಪ್ಯೂಟರಿನ ಗುರುತು ಸಂಖ್ಯೆ) ಫೈಲನ್ನು ಡಿಲೀಟ್ ಮಾಡದೆ ಖಾಲಿ ಮಾಡಿ, ಮುಂದಿನ ಸಲ ಚಾಲೂ ಆದಾಗ ಹೊಸದು ತಾನೇ ಹುಟ್ಟುತ್ತದೆ. ಎಲ್ಲದರಲ್ಲೂ ಒಂದೇ ಐಡಿ ಉಳಿದರೆ ಎರಡು ಕಂಪ್ಯೂಟರಿಗೆ ಒಂದೇ ಐಪಿ ವಿಳಾಸ ಸಿಕ್ಕಿ ನೆಟ್‌ವರ್ಕ್ ತಕರಾರು ಮಾಡಬಹುದು.

ಡಿಸ್ಕಿನ ಹೆಸರಿನಲ್ಲೂ ಎಡವುತ್ತೇವೆ. ಹಳೆ ಬಗೆಯ ಸಾಟಾ ಡಿಸ್ಕಿಗೆ ಲಿನಕ್ಸ್ ಕೊಡುವ ಹೆಸರು ಎಸ್‌ಡಿಎ, ಹೊಸ ಬಗೆಯ ಎನ್‌ವಿಎಂಇ ಡಿಸ್ಕಿಗೆ ಬೇರೆ ಹೆಸರು. ಮೆನು ಸಾಲಿನಲ್ಲಿ ಒಂದೇ ಹೆಸರು ಬರೆದಿಟ್ಟರೆ ಇನ್ನೊಂದರಲ್ಲಿ ಕೆಲಸವಾಗುವುದಿಲ್ಲ, ಅದಕ್ಕೇ ನಾನು ಡಿಸ್ಕ್ ಯಾವುದೆಂದು ಕೇಳುವ ಹಾಗೆ ಇಡುತ್ತೇನೆ.

ಕಂಪ್ಯೂಟರ್ 10ಕ್ಕಿಂತ ಜಾಸ್ತಿ ಇದ್ದರೆ ನೆಟ್‌ವರ್ಕಿನ ಮೂಲಕ ಮಲ್ಟಿಕಾಸ್ಟ್ ಮಾಡಬಹುದು, ಕ್ಲೋನ್‌ಜಿಲ್ಲಾದಲ್ಲೇ ಆ ಸೌಕರ್ಯ ಇದೆ. 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ 12 ಜಿಬಿ ಇಮೇಜ್ ಹೋಗಲು ಹೇಗೂ ಕಾಲು ಗಂಟೆಯ ಮೇಲೆ ಬೇಕು, ಆದರೆ ಎಲ್ಲಕ್ಕೂ ಒಟ್ಟಿಗೇ ಹೋಗುತ್ತದೆ. ಮಳೆಗಾಲದಲ್ಲಿ ಮಾತ್ರ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಆ ಡಿಸ್ಕನ್ನು ಮತ್ತೆ ಮೊದಲಿಂದ ಬರೆಯಬೇಕು.

ಎಲ್ಲ ಮುಗಿದ ಮೇಲೆ ಪೆನ್‌ಡ್ರೈವನ್ನು ಟೀಚರ ಕೈಗೆ ಕೊಟ್ಟು ಹಿಂದೆ ನಿಂತು ನೋಡಿ, ಬಾಯಿ ಬಿಡಬೇಡಿ. ಅವರು ಎಲ್ಲಿ ತಡೆಯುತ್ತಾರೋ ಆ ಸಾಲನ್ನು ಅಲ್ಲೇ ಕೂತು ತಿದ್ದಿ. ಹೊರಡುವ ಮುಂಚೆ ಇನ್ನೊಂದು ಪೆನ್‌ಡ್ರೈವಿಗೆ ಅದರ ಕಾಪಿ ಮಾಡಿ, ತಾರೀಕು ಬರೆದು, ಆಫೀಸಿನ ಕಪಾಟಿನಲ್ಲಿ ಇಡಲು ಹೇಳಿ.