ಕಾಯಿಲ್ ಬದಲಿಸುವ ಮೊದಲು ತಂತಿಯ ತುದಿ ನೋಡಿ: ಹಳೆಯ ಬೈಕಿನ ಸ್ಪಾರ್ಕ್ ದುರಸ್ತಿ

ಹಳೆಯ ಬೈಕು ಬಿಸಿಯಾದ ಮೇಲೆ ಮಿಸ್ಸಿಂಗ್ ಹೊಡೆದರೆ, ಮಳೆಯಲ್ಲಿ ನಿಂತುಹೋದರೆ, ಏರಿನಲ್ಲಿ ರೇಸ್ ಕೊಟ್ಟಾಗ ತಡವರಿಸಿದರೆ ಮೊದಲು ಬರುವ ಮಾತು ‘ಕಾಯಿಲ್ ಹೋಗಿದೆ’. ಕಡಿಮೆ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಭಾಗವೇ ಕಾಯಿಲ್; ಅಲ್ಲಿಂದ ದಪ್ಪ ತಂತಿಯೊಂದು ಪ್ಲಗ್ ಕ್ಯಾಪಿಗೆ ಹೋಗುತ್ತದೆ. ಕಾಯಿಲ್ ಹೋಗುವುದೇ ಇಲ್ಲ ಅಂತಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಕೈಕೊಡುವುದು ಪ್ಲಗ್ ಕ್ಯಾಪು, ತಂತಿಯ ತುದಿ, ಕಾಯಿಲಿಗೆ ಬರುವ ವೋಲ್ಟೇಜು. ಇದೇ ಕ್ರಮದಲ್ಲಿ ಹುಡುಕಿ.

ಇಗ್ನಿಷನ್ ಆಫ್ ಮಾಡಿ ಪ್ಲಗ್‌ನಿಂದ ಕ್ಯಾಪ್ ಬಿಡಿಸಿ. ತಂತಿ ಹಿಡಿದು ಜಗ್ಗಬೇಡಿ, ಕ್ಯಾಪನ್ನೇ ಹಿಡಿಯಿರಿ. ಆಮೇಲೆ ಕ್ಯಾಪನ್ನು ಎಡಕ್ಕೆ ತಿರುಗಿಸಿದರೆ ತಂತಿಯಿಂದ ಕಳಚಿ ಬರುತ್ತದೆ. ಅದರೊಳಗೆ ಚೂಪಾದ ಸ್ಕ್ರೂ ಒಂದಿದೆ, ತಂತಿಯ ತಾಮ್ರದ ಎಳೆಗಳನ್ನು ಕಚ್ಚಿಕೊಂಡಿರುವುದು ಅದೇ. ಈಗ ತಂತಿಯ ತುದಿಯನ್ನು ಬೆಳಕಿಗೆ ಹಿಡಿಯಿರಿ. ಎಳೆಗಳ ಸುತ್ತ ಹಸಿರು ಪುಡಿ, ನಡುವೆ ಸುಟ್ಟು ಕರಿಕಾದ ಗುಳಿ ಕಂಡರೆ ಕಿಡಿ ಪ್ಲಗ್‌ಗೆ ಹೋಗುವ ಮೊದಲೇ ಅಲ್ಲಿ ಹಾರುತ್ತಿದೆ ಅಂತ ಅರ್ಥ. ಹರಿತವಾದ ಕಟ್ಟರಿನಿಂದ ಐದಾರು ಮಿಲಿಮೀಟರ್ ನೇರವಾಗಿ ಕತ್ತರಿಸಿ. ಹೊಳೆಯುವ ತಾಮ್ರ ಕಾಣದಿದ್ದರೆ ಇನ್ನೂ ಸ್ವಲ್ಪ. ಆದರೆ ಎಂಜಿನ್ ಅಲುಗಿದಾಗ ಬಿಗಿಯಾಗದಷ್ಟು ಉದ್ದ ಉಳಿದಿರಲೇಬೇಕು. ಕ್ಯಾಪನ್ನು ಬಲಕ್ಕೆ ತಿರುಗಿಸುತ್ತಾ ಹೋದರೆ ಸ್ಕ್ರೂ ಕಚ್ಚಿದ್ದು ಕೈಗೇ ಗೊತ್ತಾಗುತ್ತದೆ. ಎಷ್ಟೋ ಗಾಡಿಗಳ ದುರಸ್ತಿ ಇಷ್ಟಕ್ಕೇ ಮುಗಿದುಹೋಗುತ್ತದೆ.

ಕ್ಯಾಪು ಕೈಯಲ್ಲಿರುವಾಗಲೇ ಮಲ್ಟಿಮೀಟರ್ ಇಟ್ಟು ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ನೋಡಿ. ರೆಸಿಸ್ಟರ್ ಕ್ಯಾಪುಗಳು ಸಾಮಾನ್ಯವಾಗಿ 5 ಕಿಲೋಓಮಿನವು. 4ರಿಂದ 6ರ ನಡುವೆ ಬಂದರೆ ಚೆನ್ನಾಗಿದೆ. ಇಪ್ಪತ್ತು ತೋರಿಸಿದರೆ, ಏನೂ ತೋರಿಸದಿದ್ದರೆ, ಅಲುಗಿಸಿದಾಗ ಅಂಕಿ ಕುಣಿದರೆ ಎಸೆಯಿರಿ.

ತಂತಿಯ ಹೊದಿಕೆ ಬಿರುಕುಬಿಟ್ಟಿದ್ದರೆ 7 ಮಿಲಿಮೀಟರಿನ, ತಾಮ್ರದ ಎಳೆಗಳಿರುವ ತಂತಿಯನ್ನೇ ತನ್ನಿ. ಕಾರುಗಳಿಗೆ ಹಾಕುವ ಕಾರ್ಬನ್ ಎಳೆಯ ತಂತಿ ಇಲ್ಲಿ ಬೇಡ: ಸ್ಕ್ರೂ ಕಚ್ಚಲು ಅದರಲ್ಲಿ ಲೋಹವೇ ಇಲ್ಲ, ನಾಲ್ಕು ದಿನದಲ್ಲಿ ಸಂಪರ್ಕ ಸುಟ್ಟುಹೋಗುತ್ತದೆ.

ಬ್ಯಾಟರಿಯಿಂದ ಓಡುವ ಪಾಯಿಂಟ್ ಇಗ್ನಿಷನ್ನಿನ ಗಾಡಿಯಾದರೆ ಮುಂದಿನ ಹೆಜ್ಜೆ ವೋಲ್ಟೇಜು. ಎಂಜಿನ್ ತಿರುಗಿದಂತೆ ಕೂಡಿ ಬಿಡುತ್ತಾ ಕಾಯಿಲಿನ ಕರೆಂಟನ್ನು ಹರಿಸಿ ಕಡಿಯುವ ಸಣ್ಣ ಸ್ವಿಚ್ಚೇ ಪಾಯಿಂಟ್. ಕೀ ಆನ್ ಮಾಡಿ, ಪಾಯಿಂಟ್ ಕೂಡಿರುವಂತೆ ಎಂಜಿನ್ ತಿರುಗಿಸಿ, ಕಾಯಿಲಿನ ಪ್ಲಸ್ ಟರ್ಮಿನಲ್‌ನಲ್ಲಿ ಅಳೆಯಿರಿ. ಪಾಯಿಂಟ್ ಬಿಟ್ಟುಕೊಂಡಿದ್ದರೆ ಕರೆಂಟ್ ಹರಿಯುವುದಿಲ್ಲ, ನಷ್ಟವೂ ಕಾಣುವುದಿಲ್ಲ. ಅದೇ ಹೊತ್ತಿಗೆ ಬ್ಯಾಟರಿಯಲ್ಲಿರುವುದಕ್ಕಿಂತ ಇಲ್ಲಿ ಒಂದು ವೋಲ್ಟನ್ನೂ ಮೀರಿ ಕಡಿಮೆ ಬಂದರೆ ಕೀ ಸ್ವಿಚ್, ಕಿಲ್ ಸ್ವಿಚ್, ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಶುಚಿ ಮಾಡಿ. ಅಳೆದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಕೂಡಿದ್ದು ಎಂಜಿನ್ ನಿಂತಿರುವಾಗ ಕೀ ಆನ್ ಉಳಿದರೆ ಕಾಯಿಲ್ ಬೇಯುತ್ತದೆ; ಎಷ್ಟೋ ಒಳ್ಳೆಯ ಕಾಯಿಲುಗಳು ಸಾಯುವುದು ಹೀಗೆ.

ಇನ್ನು ಕಾಯಿಲ್. ಅದರ ವೈರುಗಳನ್ನೆಲ್ಲ ಬಿಡಿಸಿ, ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆದು ಲೆಕ್ಕ ಹಾಕಿ. 12 ವೋಲ್ಟಿನ ಪಾಯಿಂಟ್ ಕಾಯಿಲಿನ ಪ್ರೈಮರಿ (ಕಡಿಮೆ ವೋಲ್ಟೇಜಿನ ಸುತ್ತು) ಸುಮಾರು 3ರಿಂದ 5 ಓಮ್ ಇರುತ್ತದೆ, ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ನಾದ ಸಿಡಿಐನ ಕಾಯಿಲಿನದ್ದು ಬಹುಪಾಲು ಒಂದು ಓಮಿಗಿಂತ ಕಡಿಮೆ. ಸೆಕೆಂಡರಿಯನ್ನು, ಅಂದರೆ ಹೆಚ್ಚು ವೋಲ್ಟೇಜಿನ ಸುತ್ತನ್ನು, ಕ್ಯಾಪ್ ತೆಗೆದೇ ಅಳೆಯಬೇಕು. ಪಾಯಿಂಟ್ ಕಾಯಿಲಿನಲ್ಲಿ ಪ್ಲಗ್ ತಂತಿಗೂ ಪ್ರೈಮರಿ ಟರ್ಮಿನಲ್‌ಗೂ ನಡುವೆ, ಸಿಡಿಐನಲ್ಲಿ ತಂತಿಗೂ ಅರ್ತ್‌ಗೂ ನಡುವೆ, ಎರಡು ತಂತಿ ಹೊರಡುವ ಕಾಯಿಲಿನಲ್ಲಿ ತಂತಿಯಿಂದ ತಂತಿಗೆ. ಇದು ಸಾವಿರಾರು ಓಮಿನ ಲೆಕ್ಕದಲ್ಲಿ ಬರುತ್ತದೆ. ನಿಖರ ಅಂಕಿಗೆ ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ಲೇ ಆಧಾರ.

ಮೀಟರನ್ನು ಪೂರ್ತಿ ನಂಬಬೇಡಿ. ಅದು ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ಕಾಯಿಲ್ ದುಡಿಯುವುದು ಹತ್ತಾರು ಸಾವಿರ ವೋಲ್ಟಿನಲ್ಲಿ. ಒಳಗಿನ ಇನ್ಸುಲೇಷನ್ ಸೋತಿದ್ದರೆ ತಣ್ಣಗಿರುವಾಗ ಎಲ್ಲ ಅಂಕಿಯೂ ಸರಿಯಾಗೇ ಬರುತ್ತದೆ. ಹಾಗಾಗಿ ಗಾಡಿ ನಿಂತ ಕೂಡಲೇ, ಕಾಯಿಲ್ ಬಿಸಿಯಿರುವಾಗಲೇ ಅಳೆಯಿರಿ, ಕಿಡಿಯನ್ನೂ ನೋಡಿ. ಬಿಸಿಯಲ್ಲಿ ಮಾಯವಾದ ಕಿಡಿ ತಣಿದ ಮೇಲೆ ಮರಳಿದರೆ ಅನುಮಾನ ಕಾಯಿಲಿನ ಮೇಲೆ. ಪಾಯಿಂಟ್ ಗಾಡಿಯಲ್ಲಿ, ಪಾಯಿಂಟಿನ ಕಿಡಿಯನ್ನು ತಗ್ಗಿಸುವ ಕಂಡೆನ್ಸರಿನ ಮೇಲೂ. ಪಾಯಿಂಟಿನಲ್ಲಿ ದೊಡ್ಡ ಹಳದಿ ಕಿಡಿ ಹಾರುತ್ತಿದ್ದರೆ ಮೊದಲು ಕಂಡೆನ್ಸರ್ ಬದಲಿಸಿ, ಅದು ಅಗ್ಗ.

ಹೊಸ ಕಾಯಿಲ್ ತರುವಾಗ ಬೋಲ್ಟ್ ಕೂತರೆ ಸಾಕು ಅಂದುಕೊಳ್ಳಬೇಡಿ. 4 ಓಮಿನ ಕಾಯಿಲ್ 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತದೆ, ಒಂದೂವರೆ ಓಮಿನದ್ದು 8 ಎಳೆದು ಪಾಯಿಂಟನ್ನು ಸುಡುತ್ತದೆ. ಸಿಡಿಐ ಕಾಯಿಲ್ ಪಾಯಿಂಟ್ ಗಾಡಿಗೆ ಆಗುವುದಿಲ್ಲ, ಪಾಯಿಂಟ್ ಕಾಯಿಲ್ ಸಿಡಿಐಗೂ ಆಗುವುದಿಲ್ಲ. ನೆಗೆಟಿವ್ ಅರ್ತ್ ಇರುವ, ಅಂದರೆ ಬ್ಯಾಟರಿಯ ಮೈನಸ್ ಗಾಡಿಯ ಮೈಗೆ ಸೇರಿರುವ ಗಾಡಿಯಲ್ಲಿ ಮೈನಸ್ ಟರ್ಮಿನಲ್ ಪಾಯಿಂಟಿಗೆ ಹೋಗಬೇಕು. ತಿರುವುಮುರುವಾದರೂ ಗಾಡಿ ಓಡುತ್ತದೆ, ಆದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ನಡುವಿನ ಕಬ್ಬಿಣದ ಕೋರ್ ಮೂಲಕವೇ ಅರ್ತ್ ಪಡೆಯುವ ಕಾಯಿಲಾದರೆ ಬೋಲ್ಟಿನ ಕೆಳಗಿನ ಪೇಂಟನ್ನೂ ತುಕ್ಕನ್ನೂ ಉಜ್ಜಿ ತೆಗೆಯಿರಿ.

ಕಾಯಿಲ್ ಚೆನ್ನಾಗಿದ್ದು, ಅದರೊಳಗೆ ಅಚ್ಚಾದ ತಂತಿ ಮಾತ್ರ ಹಾಳಾಗಿದ್ದರೆ ತಂತಿಯನ್ನು ಬುಡಕ್ಕೆ ಕತ್ತರಿಸಿ. ಸಣ್ಣ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸುತ್ತಾ ಹಳೆಯ ರಬ್ಬರನ್ನು ಚೂರುಚೂರಾಗಿ ಕೆದಕಿ. ತಳದಲ್ಲಿ ಚೂಪಾದ ಲೋಹದ ಮೊನೆ ಸಿಗುತ್ತದೆ. ಅದು ಮುರಿದರೆ ಕಾಯಿಲ್ ಮುಗಿಯಿತು, ಆದ್ದರಿಂದ ಡ್ರಿಲ್ ಮೆಷಿನ್ ಹಚ್ಚಬೇಡಿ. ಹೊಸ ತಂತಿಯನ್ನು ಮೊನೆಯ ಮೇಲೆ ಒತ್ತಿ ಕೂರಿಸಿ, ಮೀಟರಿನಲ್ಲಿ ಸಂಪರ್ಕ ಖಚಿತಪಡಿಸಿಕೊಂಡು, ಸುತ್ತ ಎಪಾಕ್ಸಿ ತುಂಬಿ ಒಂದು ದಿನ ಬಿಡಿ.

ಕಿಡಿ ನೋಡುವಾಗ ಬೇರೆ ಪ್ಲಗ್ಗೊಂದನ್ನು ಕ್ಯಾಪಿಗೆ ಹಾಕಿ ಅದರ ಮೈಯನ್ನು ಎಂಜಿನ್ನಿಗೆ ಭದ್ರವಾಗಿ ಮುಟ್ಟಿಸಿಡಿ. ಸಿಲಿಂಡರಿನ ಪ್ಲಗ್ ಬಿಚ್ಚಬೇಡಿ. ಆ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಬೆಂಕಿ ಹತ್ತಬಹುದು. ಕ್ಯಾಪನ್ನು ಗಾಳಿಯಲ್ಲಿ ನೇತುಬಿಟ್ಟು ಕಿಕ್ ಹೊಡೆದರೆ ಹೊರಬರಲು ದಾರಿಯಿಲ್ಲದ ವೋಲ್ಟೇಜು ಕಾಯಿಲಿನ ಇನ್ಸುಲೇಷನ್ನನ್ನೇ ತೂತು ಮಾಡಬಹುದು.

ಎಲ್ಲ ಜೋಡಿಸಿದ ಮೇಲೆ ತಂತಿ ಸೈಲೆನ್ಸರಿಗೂ ಟ್ಯಾಂಕಿನ ಅಂಚಿಗೂ ತಾಗದಂತೆ ನೋಡಿಕೊಳ್ಳಿ. ಗಾಳಿಯಾಡುವ ಕತ್ತಲೆ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ಸ್ಪ್ರೇ ಬಾಟಲಿಯಿಂದ ತಂತಿ ಮತ್ತು ಕ್ಯಾಪಿನ ಮೇಲೆ ಸಣ್ಣಗೆ ನೀರು ಚಿಮುಕಿಸಿ, ಕೈ ದೂರವಿಟ್ಟು ನೋಡಿ. ಎಲ್ಲಾದರೂ ನೀಲಿ ಗೆರೆ ಮಿನುಗಿ ಚಟಚಟ ಸದ್ದು ಬಂದರೆ ಸೋರಿಕೆ ಅಲ್ಲೇ ಇದೆ.